ಶೇಂಗಾ ಇಲ್ಲದ ಊಟ

ಡಿಸೆಂಬರ್ 22, ಸೋಮವಾರ

ಅಂಗನವಾಡಿಯಿಂದ ನಿವೃತ್ತಳಾದಾಗ ತಂದಿದ್ದ ಖಾಲಿ ರಿಜಿಸ್ಟರ್ ಒಂದು ಟ್ರಂಕಿನಲ್ಲಿ ಉಳಿದಿತ್ತು. ಅದನ್ನೇ ತೆಗೆದುಕೊಂಡು ಕೂತಿದ್ದೇನೆ. ಮೂವತ್ತೊಂದು ವರ್ಷ ತಳಕಲ್‌ನಲ್ಲಿ ಮಕ್ಕಳ ತೂಕ, ಎತ್ತರ, ಹಾಜರಿ ಬರೆದ ಕೈ ಇದು. ನನ್ನ ಬಗ್ಗೆ ಒಂದು ಸಾಲೂ ಬರೆದಿಲ್ಲ, ಬರೆಯುವಂಥದ್ದೂ ಇರಲಿಲ್ಲ. ಈಗ ತಲೆಯಲ್ಲಿ ಎಲ್ಲ ಕಲಸುಮೇಲೋಗರವಾಗಿದೆ. ಬರೆದರೆ ಒಂದು ಸಾಲಿಗೆ ಬರುತ್ತದೇನೋ ನೋಡೋಣ.

ನಡೆದದ್ದು ಇಷ್ಟು. ಶುಕ್ರವಾರ ಎಳ್ಳು ಅಮಾವಾಸ್ಯೆ. ಈಗ ನಾವಿರುವ ಭಾಗ್ಯನಗರದಿಂದ ತಳಕಲ್‌ನ ನಮ್ಮ ಹೊಲಕ್ಕೆ, ಭೂತಾಯಿಗೆ ಎಡೆ ಕೊಡುವ ಚರಗ ಚೆಲ್ಲಲು ಹೋಗಿದ್ದೆವು. ಮಗ ಯಂಕೇಶ, ಸೊಸೆ ಅಮೃತಾ, ಮೊಮ್ಮಗಳು ದಾನೇಶ್ವರಿ, ನಾನು. ಗಂಡಹೆಂಡತಿ ಬದುವಿನ ಗುಂಟ ಚರಗ ಚೆಲ್ಲುತ್ತ ಹೋದರು. ನಾನೂ ದಾನವ್ವನೂ ಬನ್ನಿ ಗಿಡದ ಕೆಳಗೆ ಬುತ್ತಿ ಕಾಯುತ್ತ ಕೂತೆವು. ಅವರು ತಿರುಗಿ ಬರುವಷ್ಟರಲ್ಲಿ ಹುಡುಗಿಯ ತುಟಿ ಬಾತುಕೊಂಡು, ಮೈತುಂಬ ದದ್ದು ಎದ್ದು, ಉಸಿರಾಟ ಶಿಳ್ಳೆಯಂತೆ ಕೇಳುತ್ತಿತ್ತು. ಬೈಕಿನ ಮೇಲೆ ನಡುವೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿದರು. ನಾನು ಯಾರದೋ ಗಾಡಿ ಹತ್ತಿ ಹಿಂದೆಯೇ ಹೋದೆ. ಎರಡು ದಿನ ಅಲ್ಲೇ ಇದ್ದು ನಿನ್ನೆ ಮನೆಗೆ ಬಂದಿದ್ದಾಳೆ. ಬದುಕಿದ್ದಾಳೆ.

ದೊಡ್ಡವರಿಗೆಂದು ಬುತ್ತಿಯಲ್ಲಿ ಕಟ್ಟಿದ್ದ ಶೇಂಗಾ ಹೋಳಿಗೆ ತಿಂದದ್ದಕ್ಕೆ ಇಷ್ಟು. ಇವಳಿಗೆ ಶೇಂಗಾ ಆಗುವುದಿಲ್ಲವೆಂದು ಮಕ್ಕಳ ಡಾಕ್ಟರು ರೇಣುಕಾ ಎರಡು ವರ್ಷದ ಹಿಂದೆಯೇ ಹೇಳಿದ್ದರು. ಅಲರ್ಜಿಯಂತೆ. ನಮ್ಮ ಕಡೆ ಶೇಂಗಾ ಆಗುವುದಿಲ್ಲ ಎಂದರೆ ನೀರು ಆಗುವುದಿಲ್ಲ ಎಂದ ಹಾಗೆ.

"ಹೋಳಿಗಿ ಯಾರು ಕೊಟ್ರು?" ಎಂದು ಸೊಸೆ ಆಸ್ಪತ್ರೆಯ ಬಾಗಿಲಲ್ಲಿ ಕೇಳಿದಳು.

"ಹುಡುಗಿ ತಾನ ತೊಗೊಂಡು ತಿಂದ್ಲವ್ವಾ, ನಾ ಆ ಕಡಿ ನೋಡೂದ್ರೊಳಗ," ಎಂದೆ.

ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಅದಕ್ಕೇ ಬರೆಯುತ್ತೇನೆ. ನಾನೇ ಕೊಟ್ಟೆ.

ಡಿಸೆಂಬರ್ 23, ಮಂಗಳವಾರ

ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೇನೂ ಆಗಲಿಲ್ಲ. ರಿಜಿಸ್ಟರಿಗೆ ಹೇಳಿದರೆ ಆಗುವುದಿಲ್ಲವೇನೋ.

ಯಾಕೆ ಕೊಟ್ಟೆ ಎನ್ನುವುದನ್ನೂ ಬರೆಯಬೇಕು, ಇಲ್ಲದಿದ್ದರೆ ರಾಕ್ಷಸಿಯಂತೆ ಕಾಣುತ್ತೇನೆ. ಯಾರ ಕಣ್ಣಿಗೆ ಎಂದು ಕೇಳಿದರೆ ಗೊತ್ತಿಲ್ಲ. ಕಡ್ಡಿಯಂಥ ಮಕ್ಕಳಿಗೆ ಶೇಂಗಾ ಉಂಡಿ ತಿನ್ನಿಸಿ ತಿನ್ನಿಸಿ, ತೂಕದ ಚಾರ್ಟಿನಲ್ಲಿ ಕೆಂಪು ಗೆರೆಯಿಂದ ಹಸಿರಿಗೆ ತಂದವಳು ನಾನು. ಮೇಲಿನವರು ಬಂದರೆ "ಹಂಪವ್ವ ಅಕ್ಕೋರ ಮಕ್ಕಳನ್ನ ನೋಡ್ರಿ" ಎನ್ನುತ್ತಿದ್ದರು. ಅಂಥವಳ ಮೊಮ್ಮಗಳಿಗೇ ಶೇಂಗಾ ಆಗುವುದಿಲ್ಲವೆಂದರೆ ನಾನು ಹೇಗೆ ನಂಬಲಿ? ರೂಢಿ ತಪ್ಪಿದ ಹೊಟ್ಟೆ, ರೂಢಿ ಮಾಡಿಸಿದರೆ ತಾನೇ ಸರಿಹೋಗುತ್ತದೆ ಎಂದುಕೊಂಡೆ.

ದೀಪಾವಳಿ ಕಳೆದ ಮೇಲೆ ಶುರು ಮಾಡಿದೆ. ಸೊಸೆ ಪಂಚಾಯಿತಿ ಕಚೇರಿಗೆ, ಮಗ ಗೇಟು-ಕಿಟಕಿ ಮಾಡುವ ತನ್ನ ವರ್ಕ್‌ಶಾಪಿಗೆ ಹೋದ ನಂತರ, ಹುಡುಗಿಯ ಹೆಸರುಕಾಳಿನ ಪಲ್ಯದಲ್ಲಿ ಒಂದು ಚಿಟಿಕೆ ಶೇಂಗಾ ಪುಡಿ ಬೆರೆಸುತ್ತಿದ್ದೆ. ಒಮ್ಮೊಮ್ಮೆ ತುಟಿ ಕೆರೆದುಕೊಳ್ಳುತ್ತಿದ್ದಳು, ಅಷ್ಟೇ. ಒಂದೂವರೆ ತಿಂಗಳು ಹೀಗೇ ನಡೆಯಿತು. ಗೆದ್ದೆ ಎಂದುಕೊಂಡೆ. ಅಮಾವಾಸ್ಯೆಯ ದಿನ ಅರ್ಧ ಹೋಳಿಗೆ ಮುರಿದು, ತುಪ್ಪ ಹಚ್ಚಿ, ಕೈಯಾರೆ ಬಾಯಿಗಿಟ್ಟೆ. "ಭಾಳ ಛಲೋ ಐತಿ ಅಜ್ಜಿ" ಎಂದಳು.

ಡಿಸೆಂಬರ್ 29, ಸೋಮವಾರ

ಮನೆಯಿಂದ ಶೇಂಗಾ ಗಡೀಪಾರಾಗಿದೆ. ಡಬ್ಬಿ, ಪುಡಿ, ಗಾಣದ ಎಣ್ಣೆ ಎಲ್ಲವನ್ನೂ ಸೊಸೆ ಓಣಿಯವರಿಗೆ ಹಂಚಿದಳು. ಮಿಕ್ಸಿಯ ಜಾರನ್ನೂ ಬಿಡಲಿಲ್ಲ. ಇಷ್ಟು ಸೋಗು ಯಾಕೋ, ತೊಳೆದರೆ ಹೋಗುವುದಿಲ್ಲವೇ?

ಡಾಕ್ಟರು ಸಣ್ಣದೊಂದು ಔಷಧದ ಸೀಸೆ, ಸಿರಿಂಜು ಕೊಟ್ಟಿದ್ದಾರೆ. ಉಸಿರು ಕಟ್ಟಿದರೆ ತೊಡೆಗೆ ಚುಚ್ಚಬೇಕಂತೆ. ಸೊಸೆ ಅದನ್ನು ನನ್ನ ಕೈಗೆ ಕೊಟ್ಟು, "ಅತ್ತಿ, ಹಗಲೊತ್ತು ಆಕಿ ಹತ್ರ ಇರೋರು ನೀವ. ನಿಮ್ಮನ್ನ ನಂಬೇನಿ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಬೈಗುಳ ಬಿದ್ದದ್ದು ಹುಡುಗಿಗೆ. "ಕೇಳದ ತೊಗೊಂಡು ತಿಂತಿಯೇನು? ಇನ್ನೊಮ್ಮೆ ಕದೀತಿಯೇನು?" ಎಂದು ಅವಳ ಅವ್ವ ಗದರಿದಳು. ದಾನವ್ವ "ಇಲ್ಲವ್ವಾ" ಎಂದು ಅತ್ತಳು. ಅಜ್ಜಿ ಕೊಟ್ಟಳು ಎನ್ನಲಿಲ್ಲ. ಮರೆತಿದ್ದಾಳೋ, ನನ್ನನ್ನು ಉಳಿಸುತ್ತಿದ್ದಾಳೋ? ನಾಲ್ಕೂವರೆ ವರ್ಷದ ಕೂಸಿಗೆ ಏನು ತಿಳಿಯುತ್ತದೆ? ನನಗಂತೂ ಏನೂ ತಿಳಿಯಲಿಲ್ಲ.

ಜನವರಿ 5, ಸೋಮವಾರ

ಹೊಸ ಸುದ್ದಿ. ಈ ತಿಂಗಳ ಕೊನೆಯ ಶನಿವಾರ ಗಂಗಾವತಿಯಲ್ಲಿ ದೊಡ್ಡ ಊಟವಿದೆ. ಗಾಲಾ ಡಿನ್ನರ್ ಅಂತೆ. ಆಹಾರದ ಅಲರ್ಜಿಯ ಬಗ್ಗೆ ಸಂಶೋಧನೆ ಮಾಡುವವರಿಗೆ ರೊಕ್ಕ ಕೂಡಿಸಲು ರೇಣುಕಾ ಡಾಕ್ಟರು, ಅಕ್ಕಿ ಗಿರಣಿಯ ಗೌರೀಶ ಸಾಹುಕಾರರು ಸೇರಿ ಮಾಡುತ್ತಿದ್ದಾರೆ. ಸಾಹುಕಾರರ ಮಗನಿಗೆ ಹಾಲು ಆಗುವುದಿಲ್ಲವಂತೆ. ಸಾಹುಕಾರರ ಮನೆಯಲ್ಲೂ ಇದು ಇದೆಯೇ?

ಉಣ್ಣಲು ಆಗದ ಮಕ್ಕಳ ಸಲುವಾಗಿ ಉಣ್ಣಲು ಬರುವವರು ಹೊಟ್ಟೆ ತುಂಬ ಉಣ್ಣುತ್ತಾರೆ. ಉಂಡದ್ದಕ್ಕೆ ರೊಕ್ಕ ಕೊಡುತ್ತಾರೆ. ಮೂರು ಸಲ ಕೇಳಿದರೂ ಇದರ ತಳಬುಡ ಗೊತ್ತಾಗಲಿಲ್ಲ. "ರೊಕ್ಕ ಕೊಡೋದಿದ್ರ ಸುಮ್ನ ಕೊಡಬಾರದೇನೋ?" ಎಂದೆ. ಯಂಕೇಶ ನಕ್ಕ. "ಯವ್ವಾ, ಸುಮ್ನ ಯಾರು ಕೊಡ್ತಾರ?"

ಅಲ್ಲಿ ದಾನವ್ವನನ್ನು ವೇದಿಕೆ ಹತ್ತಿಸುತ್ತಾರಂತೆ. ನಮ್ಮ ಕಥೆ ಹೇಳಬೇಕಂತೆ. ಯಾವ ಕಥೆ?

ಜನವರಿ 10, ಶನಿವಾರ

ಇವತ್ತು ದವಾಖಾನೆಯಲ್ಲಿ ಕೇಳಿದ್ದಕ್ಕೆ ತಲೆ ಗಿರ್ರೆನ್ನುತ್ತಿದೆ.

ಈ ಸಂಶೋಧನೆಯಲ್ಲಿ ಏನು ಮಾಡುತ್ತಾರೆ ಎಂದು ಡಾಕ್ಟರನ್ನು ಕೇಳಿದೆ. ಅವರು ಹೇಳಿದರು: "ದೊಡ್ಡಾಸ್ಪತ್ರಿಯೊಳಗ ಶೇಂಗಾನ ಔಷಧ ಮಾಡ್ಕೊಂಡು ನೋಡ್ತಾರ್ರೀ. ಸಾಸಿವಿ ಕಾಳಿಗಿಂತ ಕಡಿಮಿ ಕೊಡೋದು. ದಿನಾ ಕೊಟ್ಟು, ಮೆಲ್ಲಕ ಏರಿಸಿ, ಮೈಗೆ ರೂಢಿ ಮಾಡಸೋದು."

ಕುರ್ಚಿಯಿಂದ ಏಳುವುದೊಂದು ಬಾಕಿ. ಅದನ್ನೇ ಅಲ್ಲವೇ ನಾನು ಮಾಡಿದ್ದು! ಯಾವ ಕಾಲೇಜಿಗೂ ಹೋಗದೆ ನನಗೆ ಹೊಳೆದದ್ದಕ್ಕೆ ಇವರು ಊಟ ಹಾಕಿ ರೊಕ್ಕ ಕೂಡಿಸುತ್ತಿದ್ದಾರೆ. ಹೇಳಿಯೇ ಬಿಡೋಣ ಎಂದು ಬಾಯಿ ತೆರೆದೆ.

"ಮನ್ಯಾಗ ಯಾರರ ಚಿಟಿಗಿ ಚಿಟಿಗಿ ಕೊಟ್ರ?" ಎಂದು ಕೇಳಿದೆ. ಯಾರೋ ಪರರ ಮಾತಿನ ಹಾಗೆ.

ಡಾಕ್ಟರ ಮುಖ ಬದಲಾಯಿತು. "ಚಿಟಿಗಿ ಅಂದ್ರ ಎಷ್ಟ್ರೀ? ನಿಮ್ಮ ಚಿಟಿಗಿ ಬ್ಯಾರೆ, ನನ್ನ ಚಿಟಿಗಿ ಬ್ಯಾರೆ. ಅಲ್ಲಿ ಪ್ರತಿ ಸಲ ತೂಕ ಮಾಡ್ತಾರ, ಎರಡು ತಾಸು ಮುಂದ ಕೂಡಿಸ್ಕೊಂಡು ನೋಡ್ತಾರ, ಬಾಜೂಕ ಇಂಜೆಕ್ಷನ್ ಇರತೈತಿ. ಮನ್ಯಾಗ ಕೊಟ್ರ ಕೂಸನ್ನ ಕೊಂದಂಗ."

ಪಕ್ಕದಲ್ಲಿ ಸೊಸೆ ಕೂತಿದ್ದಳು. ತಲೆಯಾಡಿಸಿದಳು.

ಹಾಗಾದರೆ ನಾನು ಮಾಡಿದ್ದು ಸರಿಯೋ ತಪ್ಪೋ? ದಾರಿ ಸರಿ, ನಡೆದದ್ದು ತಪ್ಪೇ? ಮೂವತ್ತೊಂದು ವರ್ಷ ಗ್ರಾಂ ಲೆಕ್ಕದಲ್ಲಿ ಮಕ್ಕಳನ್ನು ತೂಗಿದವಳು ನಾನು. ಮನೆಗೆ ಬಂದು ಒಂದು ಚಿಟಿಕೆ ಉಪ್ಪು ತೆಗೆದು ನೋಡಿದೆ. ಎಷ್ಟೆಂದು ಹೇಳಲು ಆಗಲಿಲ್ಲ.

ಜನವರಿ 11

ಸರಿ ಎಂದು ಒಂದು ಸಲ. ತಪ್ಪು ಎಂದು ಹತ್ತು ಸಲ. ಕೆಲಸ ಕೈಗೆ ಹತ್ತಲಿಲ್ಲ.

ಜನವರಿ 15, ಗುರುವಾರ

ಸಂಕ್ರಾಂತಿ. ಓಣಿಯ ಹೆಣ್ಣುಮಕ್ಕಳು ಎಳ್ಳು ಬೆಲ್ಲ ಕೊಡಲು ಬಂದರು. ಎಳ್ಳಿನ ಜೊತೆ ಶೇಂಗಾ ಹಾಕದವರು ಯಾರಿದ್ದಾರೆ? ಬಾಗಿಲಲ್ಲೇ ನಿಂತು, "ಕೈ ಮುಗೀತೀನ್ರವ್ವಾ, ಹೊಸ್ತಿಲದ ಒಳಗ ತರಬ್ಯಾಡ್ರಿ," ಎಂದೆ. ಒಬ್ಬಳಿಗೆ ಸಿಟ್ಟು ಬಂತು. ಹಬ್ಬದ ದಿನ ಎಳ್ಳು ಬೆಲ್ಲ ಬೇಡವೆನ್ನುವುದು ಎಲ್ಲಾದರೂ ಉಂಟೇ ಎಂದು ಗೊಣಗುತ್ತ ಹೋದಳು. ಹೋಗಲಿ. ಅವರು ಮುಟ್ಟಿದ ಬಾಗಿಲ ಚಿಲಕವನ್ನು ಸೋಪು ಹಚ್ಚಿ ತೊಳೆದೆ.

ತಿರುಗಿ ನೋಡಿದರೆ ದಾನವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದಳು.

"ಯಾಕವ್ವಾ?"

"ನಾ ಕದಿಯಂಗಿಲ್ಲ ಅಜ್ಜಿ. ಕೈ ಹಿಂದ ಇಟ್ಕೊಂಡೀನಿ ನೋಡು."

ಮರೆತಿಲ್ಲ, ನನ್ನನ್ನು ಉಳಿಸುತ್ತಲೂ ಇಲ್ಲ. ತಾನೇ ಕದ್ದೆ ಎಂದು ನಂಬಿಬಿಟ್ಟಿದ್ದಾಳೆ. ದೊಡ್ಡವರೆಲ್ಲ ಹೇಳಿದ ಮೇಲೆ ಅದೇ ಖರೆ ಇರಬೇಕೆಂದುಕೊಂಡಿದೆ ಕೂಸು.

ಹೇಳಿದರೆ ಸೊಸೆ ಇವಳನ್ನು ನನ್ನ ಹತ್ತಿರ ಬಿಡುವುದಿಲ್ಲ. ಈ ಕೂಸಿಲ್ಲದೆ ನನ್ನ ಹಗಲು ಹೇಗೆ ಹೋಗಬೇಕು? ಹೇಳದಿದ್ದರೆ ಇವಳು ಜೀವನಪೂರ್ತಿ ಕಳ್ಳಿ.

ಜನವರಿ 21, ಬುಧವಾರ

ನಾಲ್ಕು ದಿನದಿಂದ ಒಂದು ಮುಖ ಕಣ್ಣ ಮುಂದೆ ಬರುತ್ತಿದೆ. ತಳಕಲ್‌ನ ಸೆಂಟರಿನಲ್ಲಿ ಕಳಕಪ್ಪ ಎಂಬ ಹುಡುಗನಿದ್ದ. ಇಪ್ಪತ್ತು ವರ್ಷದ ಮೇಲಾಯಿತು. ಉಂಡಿ ಕೊಟ್ಟರೆ ಬಾಯಿ ಬಿಗಿಹಿಡಿಯುತ್ತಿದ್ದ. ಹಟ ಎಂದುಕೊಂಡು ಒಂದು ದಿನ ಮೂಗು ಹಿಡಿದು ನುಂಗಿಸಿದ್ದೆ. ಮರುದಿನದಿಂದ ಬರಲೇ ಇಲ್ಲ. ಹೆಸರಿನ ಮುಂದೆ ಗೈರು ಎಂದು ಬರೆದೆ, ಆಮೇಲೆ ಹೆಸರು ತೆಗೆದೆ. ಅಷ್ಟೇ.

ಇವತ್ತು ನನ್ನ ಕಾಲದ ಸಹಾಯಕಿ ದಾವಲಬೀಗೆ ಫೋನ್ ಹಚ್ಚಿದೆ. ಕಳಕಪ್ಪ ಇದ್ದಾನೇನು ಎಂದು ಕೇಳಿದೆ.

"ಕಳಕಪ್ಪ? ಅದಾನ್ರಿ ಅಕ್ಕೋರ. ಟ್ರ್ಯಾಕ್ಟರ್ ಹೊಡೀತಾನ," ಎಂದಳು. "ಆದ್ರ ಅವಂಗ ಈಗೂ ಶೇಂಗಾ ಆಗಂಗಿಲ್ರಿ. ಮದಿವಿಗೆ ಹೋದ್ರೂ ಮನಿ ಬುತ್ತಿ ಕಟ್ಕೊಂಡ ಹೋಗ್ತಾನ."

"ನನಗ ಯಾಕ ಹೇಳಲಿಲ್ಲ ನೀ?"

"ಅವರವ್ವ ಅಂಜಿದ್ಲರಿ. ಅಕ್ಕೋರಿಗೆ ಹೆಂಗ ಹೇಳೋದು ಅಂತ. ನೀವು ಶೇಂಗಾ ಅಂದ್ರ ದೇವ್ರು ಅಂತಿದ್ರಿ."

ಬದುಕಿದ್ದಾನೆ. ಸಮಾಧಾನವಾಗಬೇಕಿತ್ತು. ಅಳು ಬಂತು. ನನಗೆ ಅಂಜಿ ಇನ್ನೂ ಎಷ್ಟು ಜನ ಸುಮ್ಮನಿದ್ದರೋ?

ಜನವರಿ 27, ಮಂಗಳವಾರ

ಅಂಗನವಾಡಿಯ ಅಡುಗೆ ನೋಡಿಕೊಂಡವರು, ಊಟದ ಅಡುಗೆಯನ್ನು ಒಮ್ಮೆ ನೋಡಿ ಬನ್ನಿ ಎಂದು ಡಾಕ್ಟರು ನನ್ನನ್ನೇ ಗಂಗಾವತಿಗೆ ಕಳಿಸಿದರು. ನನ್ನನ್ನು! ನಗಬೇಕೋ ಅಳಬೇಕೋ.

ಅಡುಗೆಯ ಗುತ್ತಿಗೆ ಉಮರಸಾಬನದು. ಒಳ್ಳೆಯ ಮನುಷ್ಯ. "ಅಕ್ಕೋರ, ನಲವತ್ತು ವರ್ಷದಾಗ ಶೇಂಗಾ ಇಲ್ದ ಎಣ್ಣಿಗಾಯಿ ಮಾಡು ಅಂದವ್ರು ನೀವ ಮೊದಲು. ಬದನಿಕಾಯಿಗೆ ಏನಂತ ಹೇಳ್ಲಿ?" ಎಂದ. ಶೇಂಗಾದ ಬದಲು ಗುರೆಳ್ಳು, ಪುಟಾಣಿ ಕಡಲೆ ಕುಟ್ಟಿ ತುಂಬಿ ಮಾಡಿದ್ದ. ರುಚಿ ಚೆನ್ನಾಗಿಯೇ ಇತ್ತು.

"ಗುರೆಳ್ಳು ಯಾವುದ್ರಾಗ ಕುಟ್ಟೀರಿ?" ಎಂದೆ.

"ಅದ ಕಲ್ಲಿನ್ಯಾಗ. ತೊಳದೇವಲ್ಲ."

ಆ ಒಳಕಲ್ಲಿನ ತಳಕ್ಕೆ ಬೆರಳು ಹಾಕಿ ಉಜ್ಜಿ ಮೂಸಿದೆ. ಶೇಂಗಾ ಎಣ್ಣೆಯ ಕಮಟು. ನಲವತ್ತು ವರ್ಷ ಕುಡಿದ ಕಲ್ಲು ಒಂದು ತಂಬಿಗೆ ನೀರಿಗೆ ಬಿಡುತ್ತದೆಯೇ? ಎಲ್ಲವನ್ನೂ ಚೆಲ್ಲಿಸಿ, ಹೊಸ ಮಿಕ್ಸಿ ಜಾರು ತರಿಸಿದೆ. ನಾನು ಮೂರು ತಾಸು ಪಾತ್ರೆಗಳನ್ನೆಲ್ಲ ಮೂಸಿ ನೋಡಿದೆ ಎಂದು ಉಮರಸಾಬ ಫೋನಿನಲ್ಲಿ ಡಾಕ್ಟರಿಗೆ ಹೇಳಿ ನಕ್ಕನಂತೆ. ಅಷ್ಟು ಹೊತ್ತು ಎಲ್ಲಿದ್ದೆ? ಅರ್ಧ ತಾಸು ಇದ್ದಿರಬಹುದು.

ಫೆಬ್ರವರಿ 1, ಭಾನುವಾರ

ನಿನ್ನೆ ಆ ಊಟ ಆಯಿತು. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು.

ಮದುವೆಯ ಹಾಲ್ ಅದು, ಆದರೆ ಮದುವೆಯ ಹಾಗಿರಲಿಲ್ಲ. ದುಂಡು ಮೇಜು, ಬಿಳಿ ಬಟ್ಟೆ, ಮೇಜಿಗೊಂದು ಹೂವಿನ ಕುಂಡ. ಯಾರೂ ಯಾರನ್ನೂ "ಉಣ್ರಿ ಉಣ್ರಿ" ಎಂದು ಒತ್ತಾಯ ಮಾಡಲಿಲ್ಲ. ಕಿನ್ನಾಳದ ಬಣ್ಣದ ಮರದ ಗೊಂಬೆಗಳನ್ನು ಒಂದೊಂದಾಗಿ ಎತ್ತಿ ಹಿಡಿದು ಹರಾಜು ಹಾಕಿದರು. ಕೋಟು ಹಾಕಿದ ಒಬ್ಬರು ಜೋಳದ ರೊಟ್ಟಿ ಮುರಿಯುತ್ತ, "ಶೇಂಗಾ ಚಟ್ನಿ ತರ್ರಿ," ಎಂದರು. ಬಡಿಸುವವನು ಮೇಜಿನ ಮೇಲಿದ್ದ ಬೋರ್ಡು ತೋರಿಸಿದ. 'ಈ ಊಟದಲ್ಲಿ ಶೇಂಗಾ ಇಲ್ಲ.' ಅವರು ಅದನ್ನು ಓದಿ, "ಹೌದಲ್ಲ, ಮರತೇ ಬಿಟ್ಟೆ," ಎಂದು ನಕ್ಕರು. ಯಾವುದಕ್ಕೆ ಬಂದಿದ್ದೇವೆ ಎನ್ನುವುದು ಅವರಿಗೂ ಅಷ್ಟಕ್ಕಷ್ಟೇ.

ರೇಣುಕಾ ಡಾಕ್ಟರು ಮಾತಾಡಿದ ಮೇಲೆ ಅಮೃತಾ ದಾನವ್ವನ ಕೈ ಹಿಡಿದು ವೇದಿಕೆ ಹತ್ತಿದಳು. ಹಸಿರು ಲಂಗದಲ್ಲಿ ಹುಡುಗಿ ಮುದ್ದಾಗಿ ಕಾಣುತ್ತಿದ್ದಳು. ನಾನು ಹಿಂದೆ, ಉಮರಸಾಬನ ಬೋಗುಣಿಗಳ ಹತ್ತಿರ ನಿಂತಿದ್ದೆ. ನಿರೂಪಣೆ ಮಾಡುವ ಹುಡುಗಿ ಬಗ್ಗಿ ಮೈಕ್ ಹಿಡಿದು, "ಪುಟ್ಟಿ, ಅವತ್ತು ಏನಾಯ್ತು ಹೇಳ್ತೀಯಾ?" ಎಂದಳು.

ದಾನವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾ ಹೋಳಿಗಿ ಕದ್ದು ತಿಂದ್ನಿರಿ. ಇನ್ನ ಕದಿಯಂಗಿಲ್ರಿ."

ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕರು, ಚಪ್ಪಾಳೆಯನ್ನೂ ತಟ್ಟಿದರು. ಅವಳಿಗೆ ಯಾಕೆ ನಗುತ್ತಾರೆಂದು ತಿಳಿಯಲಿಲ್ಲ. ಕೆಳತುಟಿ ನಡುಗಿತು.

ಮೇಜುಗಳ ನಡುವೆ ಹೇಗೆ ದಾಟಿದೆ, ಮೆಟ್ಟಿಲು ಹೇಗೆ ಹತ್ತಿದೆ, ನೆನಪಿಲ್ಲ. ಮೈಕ್ ನನ್ನ ಕೈಯಲ್ಲಿತ್ತು.

"ಆಕಿ ಕದ್ದಿಲ್ರಿ," ಎಂದೆ. "ನಾ ಕೊಟ್ಟೆ. ನಾ ಆಕಿ ಅಜ್ಜಿ. ಅವತ್ತೊಂದ ದಿನ ಅಲ್ಲ, ಅದಕ್ಕ ಮೊದಲ ಒಂದೂವರಿ ತಿಂಗಳು ಪಲ್ಯಾದಾಗ ಪುಡಿ ಬೆರಸಿ ಕೊಟ್ಟೆ. ಅಲರ್ಜಿ ಅನ್ನೋದು ಸುಳ್ಳು ಅಂತ ತೋರಸಾಕ ಹೋಗಿದ್ದೆ. ಕೂಸು ಸಾಯೂವಂಗ ಆತು. ಆಮ್ಯಾಲೆ ಕಳ್ಳತನ ಆಕಿ ಮ್ಯಾಲೆ ಹಾಕಿದೆ."

ಮೂಲೆಯಲ್ಲಿ ಯಾರೋ ಒಬ್ಬರು, ಭಾಷಣ ಮುಗಿಯಿತು ಎಂದುಕೊಂಡು, ಚಪ್ಪಾಳೆ ತಟ್ಟಲು ಶುರು ಮಾಡಿ ನಿಲ್ಲಿಸಿದರು.

ದಾನವ್ವನ ಮುಂದೆ ಕೂತು, "ನೀ ಕದ್ದಿಲ್ಲವ್ವಾ. ಅಜ್ಜಿ ಸುಳ್ಳು ಹೇಳಿದ್ಲು," ಎಂದೆ. ಅವಳು ಬೆನ್ನ ಹಿಂದಿನ ಕೈ ಬಿಡಿಸಿ ಮುಂದೆ ತಂದಳು. ಅಮೃತಾ ಅವಳನ್ನು ಎತ್ತಿಕೊಂಡು ಇನ್ನೊಂದು ಬದಿಯ ಮೆಟ್ಟಿಲಿಂದ ಇಳಿದು ಹೋದಳು. ನನ್ನ ಕಡೆ ನೋಡಲಿಲ್ಲ.

ಆಮೇಲೆ ಡಾಕ್ಟರು ಏನೋ ಹೇಳಿದರು. ಜನ ಮೊದಲಿಗಿಂತ ಹೆಚ್ಚು ಕೊಟ್ಟರಂತೆ. ನನ್ನ ತಪ್ಪಿಗೆ ಅವರು ಯಾಕೆ ಹೆಚ್ಚು ಕೊಟ್ಟರು? ಅದೂ ಅರ್ಥವಾಗಲಿಲ್ಲ.

ಫೆಬ್ರವರಿ 3

ಅಮೃತಾ ಮಾತಾಡಿಲ್ಲ.

ಫೆಬ್ರವರಿ 9, ಸೋಮವಾರ

ಅಮೃತಾ ದಾನವ್ವನನ್ನು ದಿನಾ ಕಚೇರಿಗೆ ಕರೆದುಕೊಂಡು ಹೋಗುತ್ತಾಳೆ. ಹುಡುಗಿ ಕಂಪ್ಯೂಟರಿನ ಪಕ್ಕ ಕೂತು ಚಿತ್ರ ಬರೆಯುತ್ತಾಳಂತೆ. ಔಷಧದ ಸೀಸೆ, ಸಿರಿಂಜೂ ಅವಳ ಚೀಲ ಸೇರಿವೆ. ಮನೆ ಬಣಬಣ.

ಯಂಕೇಶ ನಿನ್ನೆ ಊಟ ಮಾಡುತ್ತ, "ಯವ್ವಾ, ಕೊಟ್ಟದ್ದು ಒಂದು ತಪ್ಪು. ಅವತ್ತು ಡಾಕ್ಟರ್ ಎಷ್ಟು ತಿಂದಾಳ ಅಂತ ಕೇಳಿದ್ರಲ್ಲ, ಆಗ ಸುಮ್ನಿದ್ದಿ. ಅದನ್ನ ಹೆಂಗ ಮರೀಲಿ?" ಎಂದ. ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಅವತ್ತು ಎಲ್ಲರ ಮುಂದೆ ನಾನು ಹೇಳಿದ್ದು ಸರಿ. ಅದರಲ್ಲಿ ಗೊಂದಲವಿಲ್ಲ. ಉಳಿದದ್ದೆಲ್ಲ ಗೊಂದಲವೇ. ಸಂತೆಯಿಂದ ಬಂದ ಖಾರದ ಪುಡಿ, ಬಿಸ್ಕಿಟು ಎಲ್ಲದರ ಚೀಟಿ ಓದಿ ಶೆಲ್ಫಿನಲ್ಲಿ ಇಟ್ಟೆ. ಬೇರೆ ಕೆಲಸವೇನಿದೆ?

ಫೆಬ್ರವರಿ 16, ಸೋಮವಾರ

ಮುಂಜಾನೆ ಅಮೃತಾ ಹೊಸ ನೋಟ್‌ಬುಕ್ ಒಂದನ್ನು ನನ್ನ ಮುಂದಿಟ್ಟಳು. ಅಡುಗೆಮನೆಯ ತೂಕದ ಯಂತ್ರವನ್ನೂ ತಂದಿದ್ದಳು. ಹುಡುಗಿ ಏನು ತಿಂದಳು, ಆಮೇಲೆ ಏನಾಯಿತು ಎಂದು ಆರು ತಿಂಗಳು ಬಿಡದೆ ಬರೆದಿಡಲು ಡಾಕ್ಟರು ಹೇಳಿದ್ದಾರೆ. ಅದನ್ನು ನೋಡಿ ದೊಡ್ಡಾಸ್ಪತ್ರೆಯವರು ಇವಳನ್ನು ತೆಗೆದುಕೊಳ್ಳುತ್ತಾರೋ ಇಲ್ಲವೋ ಹೇಳುತ್ತಾರೆ. ಅಮೃತಾ ಸ್ಕೇಲ್ ಹಿಡಿದು ಕಾಲಂ ಹಾಕಿದ್ದಳು: ದಿನ, ಹೊತ್ತು, ಏನು, ಎಷ್ಟು ಗ್ರಾಂ, ಯಾರು ಕೊಟ್ಟರು, ಆಮೇಲೆ.

ಐದನೆಯ ಕಾಲಂ ಡಾಕ್ಟರು ಹೇಳಿದ್ದಲ್ಲ. ಕೇಳಬೇಕಾಗಿಯೇ ಇರಲಿಲ್ಲ.

"ಬರಿಯೋದು ನಿಮಗ ರೂಢಿ ಐತಿ, ನೀವು ಬರೀರಿ. ತುತ್ತು ನಾ ಹಾಕ್ತೀನಿ," ಎಂದಳು. ಬಾಗಿಲ ಹತ್ತಿರ ಹೋಗಿ ನಿಂತು, "ಇದ್ದದ್ದು ಬರೀರಿ, ಅತ್ತಿ," ಎಂದಳು.

ಅತ್ತಿ ಎಂದು ಕರೆದು ಹದಿನಾರು ದಿನವಾಗಿತ್ತು.

ಫೆಬ್ರವರಿ 26, ಗುರುವಾರ

ಹತ್ತು ದಿನದ ಐದನೆಯ ಕಾಲಂ ಹೀಗಿದೆ: ಅವ್ವ, ಅವ್ವ, ಅಪ್ಪ, ಅವ್ವ, ಅವ್ವ. ಎಲ್ಲವೂ ನನ್ನ ಅಕ್ಷರ.

ಇವತ್ತು ಮುಂಜಾನೆ ಅಮೃತಾ ಊಟ ಮಾಡಿಸುತ್ತಿದ್ದಾಗ ಕಚೇರಿಯಿಂದ ಫೋನ್ ಬಂತು. ಮೇಲಿಂದ ಮೇಲೆ ಬಂತು. ಕೈ ತೊಳೆದು ಎದ್ದಳು. ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಅತ್ತಿ, ಉಳಿದದ್ದು ನೀವು ಉಣಸ್ರಿ."

ಹೊರಗಿನ ಕಟ್ಟೆಗೆ ಹೋಗಿ, ಒಳಗಿನದು ಕಾಣುವ ಹಾಗೆ ನಿಂತು ಮಾತಾಡಿದಳು. ಸರಿಯೇ ಅದು. ನಾನಾದರೂ ಹಾಗೇ ನಿಲ್ಲುತ್ತಿದ್ದೆ.

ಎರಡು ಸಲ ಕೈ ತೊಳೆದೆ. ಉಳಿದದ್ದನ್ನು ತೂಗಿದೆ. ತುತ್ತು ಮಾಡಿ ಬಾಯಿಯ ಹತ್ತಿರ ಒಯ್ದೆ. ದಾನವ್ವ ಬಾಯಿ ತೆರೆದಳು, ಮತ್ತೆ ಮುಚ್ಚಿದಳು.

"ಅಜ್ಜಿ, ಇದನ್ನ ಅವ್ವಗ ಹೇಳ್ತೀಯಿಲ್ಲ?"

"ಹೇಳ್ತೀನವ್ವಾ. ಬರದೂ ಇಡ್ತೀನಿ."

ಆಗ ಬಾಯಿ ತೆರೆದಳು. ಅಮೃತಾ ಫೋನಿನಲ್ಲಿ, ಎರಡು ತಾಸು ತಡವಾಗಿ ಬರುತ್ತೇನೆ ಎಂದಳು. ಆ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನೇ ಇಲ್ಲಿಯೂ ಬರೆದುಕೊಳ್ಳುತ್ತೇನೆ.

ಹೊತ್ತು: ಮುಂಜಾನೆ 8.40. ಏನು: ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ಎಷ್ಟು: 40 ಗ್ರಾಂ. ಯಾರು ಕೊಟ್ಟರು: ಅಜ್ಜಿ. ಆಮೇಲೆ: ಏನೂ ಆಗಲಿಲ್ಲ. ಎರಡು ತಾಸು ಮುಂದೆ ಕೂಡಿಸಿಕೊಂಡು ನೋಡಿದೆ. ಆಡಲು ಹೋದಳು.